ಬಾಗಿಲು ತೆರೆಯದ ಮನೆಯನ್ನೂ ಎಣಿಸಿ: ಅಪರಾಧ ಸಮೀಕ್ಷೆಗೆ ಸ್ಯಾಂಪಲ್ ಆರಿಸುವುದು ಹೇಗೆ?

ನಾನು ಮೊದಲ ಸಲ ಅಪರಾಧ ಸಮೀಕ್ಷೆಗೆ ಅಂತ ಹೋಗಿದ್ದು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಕಡೆ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಬಾಗಿಲು ತಟ್ಟುವುದು, ಯಾರು ತೆರೆಯುತ್ತಾರೋ ಅವರನ್ನು ಮಾತಾಡಿಸುವುದು. ಮೂರು ದಿನಕ್ಕೆ ಫಾರ್ಮುಗಳ ಒಂದು ಕಟ್ಟು ತುಂಬಿತು, ಖುಷಿಯೋ ಖುಷಿ. ಮನೆಗೆ ಬಂದು ನೋಡಿದರೆ ಉತ್ತರ ಕೊಟ್ಟವರೆಲ್ಲ ನಿವೃತ್ತರು, ಅಜ್ಜಿಯರು, ಚಿಕ್ಕ ಮಕ್ಕಳಿರುವ ತಾಯಂದಿರು. ಬೆಳಿಗ್ಗೆ ಎಂಟಕ್ಕೆ ಗಾರ್ಮೆಂಟ್ಸ್‌ಗೆ ಹೋಗಿ ಕತ್ತಲಾದ ಮೇಲೆ ಬಸ್ ಇಳಿದು ನಡೆದು ಬರುವ ಹೆಂಗಸರು ಒಬ್ಬರೂ ಇಲ್ಲ. ಪೀಣ್ಯದಲ್ಲಿ ನೈಟ್ ಶಿಫ್ಟ್ ಮಾಡುವ ಹುಡುಗರಿಲ್ಲ. ನಾನು ಕೇಳಲು ಹೋಗಿದ್ದು ದಾರಿಯಲ್ಲಿ ಮೊಬೈಲ್, ಸರ ಕಿತ್ತುಕೊಂಡು ಹೋಗುವ ಬಗ್ಗೆ. ಅದು ಯಾರಿಗೆ ಆಗುತ್ತದೆ? ಹೊತ್ತಲ್ಲದ ಹೊತ್ತಲ್ಲಿ ರಸ್ತೆಯಲ್ಲಿರುವವರಿಗೆ ತಾನೇ? ಅವರನ್ನೇ ಬಿಟ್ಟು ಉಳಿದವರನ್ನೆಲ್ಲ ಕೇಳಿ ಬಂದಿದ್ದೆ.

ಕ್ರಿಮಿನಾಲಜಿಯಲ್ಲಿ, ಅಂದರೆ ಅಪರಾಧಶಾಸ್ತ್ರದಲ್ಲಿ, ಸ್ಯಾಂಪಲ್ (ಎಲ್ಲರ ಪರವಾಗಿ ಕೇಳಲು ಆರಿಸಿಕೊಂಡ ಕೆಲವರು) ಯಾಕೆ ಇಷ್ಟು ತಲೆನೋವು ಅಂದರೆ ಇದಕ್ಕೇ. ಟೂತ್‌ಪೇಸ್ಟ್ ಸಮೀಕ್ಷೆಯಲ್ಲಿ ಮನೆಯಲ್ಲಿಲ್ಲದವರೂ ಹಲ್ಲುಜ್ಜುತ್ತಾರೆ, ಅಷ್ಟೇನೂ ವ್ಯತ್ಯಾಸ ಆಗಲ್ಲ. ಅಪರಾಧದ ವಿಷಯದಲ್ಲಿ ಕೈಗೆ ಸಿಗದೆ ಹೋದವರ ಹತ್ತಿರವೇ ನಮಗೆ ಬೇಕಾದ ಉತ್ತರ ಇರುವುದು ಜಾಸ್ತಿ. ಹಾಗಾಗಿ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರು ಬಿಟ್ಟುಹೋದರು? ಎಂಎ, ಎಂಎಸ್‌ಡಬ್ಲ್ಯೂ ಪ್ರಾಜೆಕ್ಟ್ ಮಾಡುವವರಿಗೆ, ಲಾ ಓದುವವರಿಗೆ, ತಮ್ಮ ಬಡಾವಣೆಯ ಬಗ್ಗೆ ಸುಮ್ನೆ ತಿಳಿದುಕೊಳ್ಳಬೇಕು ಅನ್ನುವ ಸಂಘದವರಿಗೆ, ಎಲ್ಲರಿಗೂ ಆಗುವ ಹಾಗೆ ಬರೆಯುತ್ತಿದ್ದೇನೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

"ಬೆಂಗಳೂರಿನಲ್ಲಿ ಅಪರಾಧ ಹೆಚ್ಚಾಗಿದೆಯೇ" ಅನ್ನುವುದು ಪ್ರಶ್ನೆಯಲ್ಲ, ಬಸ್‌ಸ್ಟಾಪಿನ ಮಾತು. ಹೀಗೆ ಬರೆಯಿರಿ: "ಈ ಎರಡು ವಾರ್ಡುಗಳಲ್ಲಿ ವಾಸಿಸುವ, 18 ವರ್ಷ ದಾಟಿದವರಲ್ಲಿ, ಕಳೆದ ಆರು ತಿಂಗಳಲ್ಲಿ ಎಷ್ಟು ಜನರ ಮೊಬೈಲ್ ಅಥವಾ ಸರವನ್ನು ಕಿತ್ತುಕೊಂಡು ಹೋಗಿದ್ದಾರೆ, ಅವರಲ್ಲಿ ಎಷ್ಟು ಜನ ಠಾಣೆಗೆ ಹೋದರು?" ಯಾರು, ಎಲ್ಲಿ, ಯಾವಾಗಿನಿಂದ, ಏನು, ನಾಲ್ಕೂ ಇದರಲ್ಲಿದೆ.

"ಏನು" ಅನ್ನುವುದರಲ್ಲಿ ಒಂದು ಗಂಟು ಇದೆ. ಕಿತ್ತುಕೊಂಡಿದ್ದು, ಜೇಬಿನಿಂದ ಕದ್ದಿದ್ದು, ಎಲ್ಲೋ ಬಿದ್ದುಹೋಗಿದ್ದು, ಈ ಮೂರೂ ಬೇರೆ ಬೇರೆ. ಬಸ್ಸಿನಲ್ಲಿ ಮೊಬೈಲ್ ಹೋದರೆ ಕದ್ದರೋ ಬಿತ್ತೋ ಅಂತ ಕಳೆದುಕೊಂಡವರಿಗೇ ಗೊತ್ತಿರಲ್ಲ. ಮೂರಕ್ಕೂ ಬೇರೆ ಬೇರೆ ಕೋಡ್ ಮೊದಲೇ ಇಟ್ಟುಕೊಳ್ಳಿ, "ಗೊತ್ತಿಲ್ಲ" ಅನ್ನುವುದಕ್ಕೂ ಒಂದು.

"ಎಲ್ಲಿ" ಅನ್ನುವುದು ಇನ್ನೂ ಮೋಸದ್ದು. ಲಗ್ಗೆರೆಯಲ್ಲಿರುವವರ ಮೊಬೈಲನ್ನು ಮೆಜೆಸ್ಟಿಕ್‌ನಲ್ಲಿ ಕಿತ್ತುಕೊಂಡರೆ ಆ ಘಟನೆ ಯಾವ ಲೆಕ್ಕಕ್ಕೆ? ನಿಮ್ಮ ಸಮೀಕ್ಷೆಯಲ್ಲಿ ಲಗ್ಗೆರೆಗೆ, ಪೊಲೀಸರ ಲೆಕ್ಕದಲ್ಲಿ ಸಾಮಾನ್ಯವಾಗಿ ಘಟನೆ ನಡೆದ ಜಾಗದ ಠಾಣೆಗೆ. ಇದು ಗೊತ್ತಿಲ್ಲದೆ ಎರಡನ್ನೂ ಪಕ್ಕಪಕ್ಕ ಇಟ್ಟು "ಪೊಲೀಸರು ಇಷ್ಟು ಕೇಸ್ ಮುಚ್ಚಿಟ್ಟಿದ್ದಾರೆ" ಅಂತ ಬರೆದವರಿದ್ದಾರೆ. ಘಟನೆ ಎಲ್ಲಿ ನಡೆಯಿತು ಅಂತ ಒಂದು ಪ್ರಶ್ನೆ ಸೇರಿಸಿದ್ದರೆ ಸಾಕಿತ್ತು.

ಹಂತ 2: ಇರುವ ಅಂಕಿಗಳನ್ನು ಮೊದಲು ನೋಡಿ, ಅನುಮಾನದಿಂದ ನೋಡಿ

ಎನ್‌ಸಿಆರ್‌ಬಿ, ಅಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, 1986ರಲ್ಲಿ ಶುರುವಾಯಿತು. ಅದರ ವಾರ್ಷಿಕ ವರದಿಯಲ್ಲಿ ಬೆಂಗಳೂರು ಸೇರಿದಂತೆ ಮಹಾನಗರಗಳ ಅಂಕಿ ಪ್ರತ್ಯೇಕವಾಗಿ ಸಿಗುತ್ತದೆ. ಓದುವ ಮೊದಲು ಒಂದು ನಿಯಮ ತಿಳಿದಿರಲಿ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತಿ ಗಂಭೀರವಾದದ್ದನ್ನು ಮಾತ್ರ ಎಣಿಸುತ್ತಾರೆ. ಸರ ಕೀಳುವಾಗ ಕೊಲೆಯೂ ಆಗಿದ್ದರೆ ಅದು ಕೊಲೆಯ ಸಾಲಿಗೆ ಹೋಗುತ್ತದೆ, ಸರ ಕಿತ್ತಿದ್ದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಇನ್ನೊಂದು ಗುಂಡಿ ಹೊಸದು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ ಸೆಕ್ಷನ್ 304ರಲ್ಲಿ ಕಿತ್ತುಕೊಂಡು ಹೋಗುವುದು ಪ್ರತ್ಯೇಕ ಅಪರಾಧ. ಐಪಿಸಿಯಲ್ಲಿ ಅದಕ್ಕೆ ಸ್ವಂತ ಸೆಕ್ಷನ್ ಇರಲಿಲ್ಲ, ಸಂದರ್ಭ ನೋಡಿಕೊಂಡು ಕಳ್ಳತನ ಅಂತಲೋ ಸುಲಿಗೆ ಅಂತಲೋ ಹಾಕುತ್ತಿದ್ದರು. ಹಾಗಾಗಿ 2023 ಮತ್ತು 2025ರ ಅಂಕಿಗಳನ್ನು ಹೋಲಿಸಿ "ಏರಿಕೆ" ಅಂತ ಬರೆಯುವ ಮೊದಲು ಏರಿದ್ದು ಅಪರಾಧವೋ, ಹಾಕಿಡುವ ಡಬ್ಬಿ ಬದಲಾಯಿತೋ ನೋಡಿ.

ಠಾಣೆವಾರು ಅಂಕಿ ಬೇಕಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ನನ್ನ ಮೊದಲ ಅರ್ಜಿಯನ್ನು ಪ್ರಬಂಧದಂತೆ ಬರೆದು ವಾಪಸ್ ಕಳಿಸಿಕೊಂಡಿದ್ದೇನೆ. ಹೆಸರು, ವಿಳಾಸ, ತನಿಖೆಯ ವಿವರ ಕೇಳಬೇಡಿ. ತಿಂಗಳುವಾರು, ಸೆಕ್ಷನ್‌ವಾರು ಸಂಖ್ಯೆ ಮಾತ್ರ ಕೇಳಿ.

ಠಾಣೆಯ ಪುಸ್ತಕಕ್ಕೆ ಬಾರದ ಅಪರಾಧ ಎಷ್ಟು ಅನ್ನುವ ಪ್ರಶ್ನೆ ಹಳೆಯದು, 1830ರ ದಶಕದಲ್ಲೇ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕೆಟಲೆ ಇದರ ಬಗ್ಗೆ ಬರೆದಿದ್ದ. ಅಪರಾಧ ಹಾಗೆ ಪುಸ್ತಕಕ್ಕೆ ಬಾರದೆ ಹೋಗಲು ನಮ್ಮಲ್ಲಿ ಒಂದು ಸ್ಥಳೀಯ ದಾರಿಯೂ ಇದೆ. ಮೊಬೈಲ್ ಹೋದರೆ ತುಂಬ ಜನರಿಗೆ ಬೇಕಾಗಿರುವುದು ಸಿಮ್ ಮತ್ತು ಫೋನ್ ಬ್ಲಾಕ್ ಮಾಡಿಸಲು ಒಂದು ಕಾಗದ. ಕಳೆದ ವಸ್ತುಗಳನ್ನು ಆನ್‌ಲೈನ್‌ನಲ್ಲೇ ತಿಳಿಸಲು ಪೊಲೀಸರು ಮಾಡಿರುವ ಇ-ಲಾಸ್ಟ್‌ನಲ್ಲಿ "ಕಳೆದುಹೋಗಿದೆ" ಅಂತ ಹಾಕಿದರೆ ಅದು ಮನೆಯಲ್ಲೇ ಕೂತು ಸಿಗುತ್ತದೆ. ಕಿತ್ತುಕೊಂಡು ಹೋದದ್ದೂ ಆಗ "ಕಳೆದದ್ದು" ಆಗಿಬಿಡುತ್ತದೆ, ಅಪರಾಧದ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಪ್ರಶ್ನಾವಳಿಯಲ್ಲಿ "ದೂರು ಕೊಟ್ಟಿರಾ?" ಅಂತ ಬಿಡಬೇಡಿ. "ಎಫ್‌ಐಆರ್ ಪ್ರತಿ ಕೊಟ್ಟರಾ, ಇ-ಲಾಸ್ಟ್ ರಸೀದಿಯಾ, ಬಾಯಿಮಾತಲ್ಲೇ ಹೇಳಿ ಬಂದಿರಾ?" ಅಂತ ಬಿಡಿಸಿ ಕೇಳಿ.

ಹಂತ 3: ಪಟ್ಟಿ ಎಲ್ಲಿಂದ ತರುತ್ತೀರಿ?

ಸ್ಯಾಂಪಲ್ ಅಂದರೆ ಒಂದು ಪಟ್ಟಿಯಿಂದ ಎತ್ತುವುದು. ಪಟ್ಟಿಯೇ ಸರಿಯಿಲ್ಲದಿದ್ದರೆ ಎಷ್ಟು ಎತ್ತಿದರೂ ಪ್ರಯೋಜನವಿಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು. ಗೆದ್ದಿದ್ದು ರೂಸ್‌ವೆಲ್ಟ್. ಅವರು ಹೆಸರು ತೆಗೆದಿದ್ದು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ, ಜೊತೆಗೆ ಚೀಟಿ ಬಂದವರಲ್ಲಿ ಮುಕ್ಕಾಲು ಪಾಲು ಜನ ಉತ್ತರವನ್ನೇ ಕಳಿಸಲಿಲ್ಲ. ಇವತ್ತು ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಹಾಕಿ "ಬೆಂಗಳೂರಿಗರ ಅಭಿಪ್ರಾಯ" ಅನ್ನುವುದೂ ಇದೇ ಕಥೆ.

ಬೆಂಗಳೂರಿನಲ್ಲಿ ಸಿಗುವ ಪಟ್ಟಿಗಳನ್ನು ನೋಡಿ. ಜನಗಣತಿ 2011ರದ್ದು, ಆಗಿನ ಪಾಲಿಕೆಯ 198 ವಾರ್ಡುಗಳ ಲೆಕ್ಕ. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾಗಿ ವಾರ್ಡಿನ ಗಡಿಗಳೆಲ್ಲ ಬದಲಾಗಿವೆ, ಠಾಣೆಯ ಸರಹದ್ದಂತೂ ಮೊದಲಿನಿಂದಲೂ ವಾರ್ಡಿಗೆ ತಾಳೆಯಾಗುತ್ತಿರಲಿಲ್ಲ. ಮತದಾರರ ಪಟ್ಟಿ ಹೊಸದಾಗಿ ಸಿಗುತ್ತದೆ, ಆದರೆ ಪಿಜಿಯಲ್ಲಿರುವ ಹುಡುಗಿ, ರಾಯಚೂರಿನಿಂದ ಬಂದು ಕಟ್ಟಡದ ಕೆಲಸ ಮಾಡುವವರು, ಊರಲ್ಲೇ ವೋಟು ಇಟ್ಟುಕೊಂಡವರು ಅದರಲ್ಲಿ ಇರುವುದಿಲ್ಲ.

ಚಿಕ್ಕ ಪ್ರದೇಶವಾದರೆ ಪಟ್ಟಿಯನ್ನು ನೀವೇ ಮಾಡಿ. ಕಷ್ಟ ಅನ್ನಿಸುತ್ತದೆ, ಮಾಡಿದರೆ ಅಷ್ಟಿಲ್ಲ. ಬೀದಿಯ ನಕ್ಷೆ ಕೈಯಲ್ಲಿ ಬರೆದುಕೊಂಡು ಒಂದೇ ದಿಕ್ಕಿನಲ್ಲಿ, ಯಾವಾಗಲೂ ಎಡಗೈ ಬದಿ ಹಿಡಿದು ನಡೆಯಿರಿ. ನಮ್ಮ 30-40ರ ಸೈಟುಗಳಲ್ಲಿ ಹೊರಗಿನಿಂದ ನೋಡಿದರೆ ಒಂದು ಮನೆ, ಒಳಗೆ ಐದು ಒಲೆ. ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಮನೆ, ಟೆರೇಸ್ ಮೇಲೆ ಶೀಟಿನ ರೂಮು, ಹಿಂದೆ ಸಂದಿಯಲ್ಲಿ ಇನ್ನೊಂದು. ಲೆಕ್ಕ ಸಿಗದಿದ್ದರೆ ಮೆಟ್ಟಿಲ ಕೆಳಗಿರುವ ಕರೆಂಟ್ ಮೀಟರ್‌ಗಳನ್ನು ಎಣಿಸಿ. ಬೆಸ್ಕಾಂ ಆರ್‌ಆರ್ ನಂಬರ್ ಒಂದೊಂದಕ್ಕೂ ಸಾಮಾನ್ಯವಾಗಿ ಒಂದು ಸಂಸಾರ. ಆದರೆ ಶೀಟಿನ ರೂಮಿಗೆ ಎಷ್ಟೋ ಕಡೆ ಸ್ವಂತ ಮೀಟರ್ ಇರಲ್ಲ, ಮಾಲೀಕರೇ ಸಬ್ ಮೀಟರ್ ಹಾಕಿರುತ್ತಾರೆ. "ಮೇಲೆ ಯಾರಾದ್ರೂ ಇದ್ದಾರಾ ಅಮ್ಮ?" ಅಂತ ಒಂದು ಮಾತು ಕೇಳಿ. ಆ ರೂಮಿನಲ್ಲಿರುವವನೇ ರಾತ್ರಿ ಹನ್ನೊಂದಕ್ಕೆ ಡೆಲಿವರಿ ಮುಗಿಸಿ ಬರುವವನು.

ಹಂತ 4: ಎತ್ತುವ ವಿಧಾನ

ಪಟ್ಟಿ ಸಿದ್ಧವಿದ್ದರೆ ಚೀಟಿ ಎತ್ತಿದಂತೆ, ಎಲ್ಲರಿಗೂ ಸಮಾನ ಅವಕಾಶ ಸಿಗುವ ಹಾಗೆ ಆರಿಸುವುದು ಅತಿ ಸರಳ ವಿಧಾನ. ಬೀದಿಯಲ್ಲಿ ಅದಕ್ಕಿಂತ ಸುಲಭವಾದದ್ದು ಲೆಕ್ಕ ಹಿಡಿದು ಬಿಟ್ಟು ಬಿಟ್ಟು ಎತ್ತುವುದು. 1,800 ಮನೆಗಳಿವೆ, 150 ಬೇಕು ಅಂದುಕೊಳ್ಳಿ. ಭಾಗಿಸಿದರೆ 12. ಒಂದರಿಂದ 12ರೊಳಗೆ ಒಂದು ಚೀಟಿ ಎತ್ತಿ. 7 ಬಂದರೆ 7, 19, 31 ಹೀಗೆ ಹೋಗಿ. ಒಂದೇ ಎಚ್ಚರಿಕೆ, ಬಡಾವಣೆ ಒಂದೇ ಅಚ್ಚಿನದಾಗಿದ್ದರೆ ಪ್ರತಿ 12ನೆಯದೂ ಮೂಲೆ ಮನೆಯೇ ಆಗಿಬಿಡಬಹುದು. ನಕ್ಷೆಯ ಮೇಲೆ ಗುರುತು ಹಾಕಿ ನೋಡಿ, ಹಾಗಾಗಿದ್ದರೆ ಬೀದಿಗಳ ಕ್ರಮ ಬದಲಿಸಿ.

ಪ್ರದೇಶದಲ್ಲಿ ಸ್ವಂತ ಮನೆಯವರು, ಬಾಡಿಗೆಯವರು, ಕೊಳೆಗೇರಿ, ಪಿಜಿ ಎಲ್ಲ ಸೇರಿದ್ದರೆ ಮೊದಲು ಗುಂಪು ಮಾಡಿ, ಪ್ರತಿ ಗುಂಪಿನಿಂದ ಬೇರೆ ಬೇರೆ ಎತ್ತಿ. ಪಿಜಿಗಳು ಕಡಿಮೆ ಇದ್ದರೆ ಅಲ್ಲಿಂದ ಬೇಕಂತಲೇ ಜಾಸ್ತಿ ಎತ್ತಬಹುದು, ಕೊನೆಯಲ್ಲಿ ತೂಕ ಹಾಕಿ, ಅಂದರೆ ಅವರ ಉತ್ತರಗಳನ್ನು ಅವರ ನಿಜವಾದ ಪಾಲಿನಷ್ಟೇ ಲೆಕ್ಕಕ್ಕೆ ಹಿಡಿದು, ಸರಿ ಮಾಡಿದರಾಯಿತು. ಇಡೀ ನಗರವಾದರೆ ಮೊದಲು ವಾರ್ಡು, ಅದರೊಳಗೆ ಬೀದಿ, ಬೀದಿಯೊಳಗೆ ಮನೆ ಅಂತ ಗೊಂಚಲು ಗೊಂಚಲಾಗಿ ಇಳಿಯಬೇಕು. ಓಡಾಟ ಕಡಿಮೆ, ಆದರೆ ಅದಕ್ಕೆ ತೆರುವ ಬೆಲೆ ಮುಂದಿನ ಹಂತದಲ್ಲಿದೆ.

ಮನೆ ಸಿಕ್ಕಿತು, ಒಳಗೆ ಯಾರನ್ನು ಕೇಳುವುದು? ಬಾಗಿಲು ತೆರೆದವರನ್ನಲ್ಲ. ಪುಸ್ತಕಗಳು ಹೇಳುವ ಸುಲಭ ಉಪಾಯ, ಇತ್ತೀಚೆಗೆ ಹುಟ್ಟುಹಬ್ಬ ಆದವರನ್ನು ಕೇಳಿ ಅನ್ನುವುದು. ನಮ್ಮ ಕಡೆ ಇದು ಕೈಕೊಡುತ್ತದೆ. ವಯಸ್ಸಾದವರಿಗೆ ಹುಟ್ಟಿದ ದಿನ ಗೊತ್ತಿಲ್ಲ, ಎಷ್ಟೋ ಜನರ ಆಧಾರ್‌ನಲ್ಲಿ ಜನವರಿ 1, ಇನ್ನೆಷ್ಟೋ ಜನರದ್ದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ಜೂನ್ 1. ಫೆಬ್ರವರಿಯಲ್ಲಿ ಹೋದರೆ ಮನೆ ಮನೆಯಲ್ಲೂ ಅಜ್ಜಂದಿರೇ ಸಿಗುತ್ತಾರೆ! ಅದರ ಬದಲು 1949ರಲ್ಲಿ ಲೆಸ್ಲಿ ಕಿಶ್ ಎಂಬ ಸಂಖ್ಯಾಶಾಸ್ತ್ರಜ್ಞ ಕೊಟ್ಟ ಕೋಷ್ಟಕ ಬಳಸಿ, ಮನೆಯಲ್ಲಿ ಇಷ್ಟು ವಯಸ್ಕರಿದ್ದರೆ ಎಷ್ಟನೆಯವರನ್ನು ಕೇಳಬೇಕು ಅಂತ ಅದೇ ಹೇಳುತ್ತದೆ. ಇಲ್ಲವೇ ಮನೆಯ ವಯಸ್ಕರನ್ನೆಲ್ಲ ವಯಸ್ಸಿನ ಕ್ರಮದಲ್ಲಿ ಬರೆದು ಫೋನಿನಲ್ಲಿ ಒಂದು ರ್‍ಯಾಂಡಮ್ ನಂಬರ್ ಒತ್ತಿ. ಮೂರು ಬಂದರೆ ಮೂರನೆಯವರು. ಅವರು ರಾತ್ರಿ ಬರುತ್ತಾರೆ ಅಂದರೆ ರಾತ್ರಿ ಹೋಗಬೇಕು.

ಹಂತ 5: ಎಷ್ಟು ಜನ?

ಎಲ್ಲರೂ 385 ಅನ್ನುತ್ತಾರೆ. ಅದು ಬರುವುದು ಹೀಗೆ: 1.96ರ ವರ್ಗ, ಗುಣಿಸು 0.5, ಗುಣಿಸು 0.5, ಭಾಗಿಸು 0.05ರ ವರ್ಗ. ಉತ್ತರ 384.16. ಅಂದರೆ ಉತ್ತರ ಅರ್ಧಕ್ಕರ್ಧ ಬರುವ ಪ್ರಶ್ನೆಯಲ್ಲಿ, ನೂರು ಸಲ ಸಮೀಕ್ಷೆ ಮಾಡಿದರೆ ಸುಮಾರು 95 ಸಲ ನಿಮ್ಮ ಅಂಕಿ ನಿಜದ ಅಂಕಿಯಿಂದ ಶೇ 5 ಆಚೀಚೆಯೊಳಗೇ ಇರುತ್ತದೆ. ದಾರಿಯಲ್ಲಿ ಕಿತ್ತುಕೊಳ್ಳುವುದು ಅರ್ಧ ಜನಕ್ಕೆ ಆಗುತ್ತದೆಯೇ? ನೂರಕ್ಕೆ ಮೂವರಿಗೆ ಆಗುತ್ತದೆ ಅಂದುಕೊಂಡರೆ, 385 ಜನರಲ್ಲಿ ಸಿಗುವುದು ಹನ್ನೊಂದೋ ಹನ್ನೆರಡೋ ಜನ. ನಿಮ್ಮ ಅಂದಾಜು ಶೇ 1.3ರಿಂದ 4.7ರ ನಡುವೆ ಎಲ್ಲೋ ಇರುತ್ತದೆ. ಆ ಹನ್ನೆರಡರಲ್ಲಿ ಹೆಂಗಸರೆಷ್ಟು, ಅವರಲ್ಲಿ ಠಾಣೆಗೆ ಹೋದವರೆಷ್ಟು, ಅದಕ್ಕೊಂದು ಪೈ ಚಾರ್ಟ್, ಇದೆಲ್ಲ ಬೇಡ. ಅಮೆರಿಕದ ರಾಷ್ಟ್ರೀಯ ಸಂತ್ರಸ್ತರ ಸಮೀಕ್ಷೆ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಮಾತಾಡಿಸುವುದು ಸುಮ್ನೆ ಅಲ್ಲ.

ಗೊಂಚಲಿನ ಬೆಲೆ ಈಗ ನೋಡಿ. ಒಂದೇ ಬೀದಿಯವರ ಅನುಭವ ಒಂದೇ ರೀತಿ ಇರುತ್ತದೆ, ಬೀದಿದೀಪ ಕೆಟ್ಟಿದ್ದರೆ ಎಲ್ಲರಿಗೂ ಕೆಟ್ಟಿರುತ್ತದೆ ಅಲ್ವಾ. ಒಂದು ಬೀದಿಯಿಂದ 10 ಜನ, ಅವರ ಹೋಲಿಕೆಯ ಅಳತೆ (0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಎಲ್ಲರದ್ದೂ ಒಂದೇ) 0.05 ಅಂತಿಟ್ಟುಕೊಳ್ಳಿ. ಹತ್ತರಲ್ಲಿ ಒಂದು ಕಳೆದು 9, ಅದನ್ನು 0.05ರಿಂದ ಗುಣಿಸಿ 1 ಕೂಡಿಸಿದರೆ 1.45. ಸ್ಯಾಂಪಲ್ ಅಷ್ಟು ಪಟ್ಟು ದೊಡ್ಡದಾಗಬೇಕು. ನಿಮ್ಮ 385 ಈಗ 559 ಆಯಿತು. ಹತ್ತರಲ್ಲಿ ಏಳು ಜನ ಮಾತ್ರ ಉತ್ತರ ಕೊಡುತ್ತಾರೆ ಅಂದರೆ ಸುಮಾರು 800 ಮನೆಗಳ ಪಟ್ಟಿ ಬೇಕು.

ಒಬ್ಬರೇ ಪ್ರಾಜೆಕ್ಟ್ ಮಾಡುವವರಿಗೆ ಇದು ಆಗದ ಮಾತು. ಆಗ ಪ್ರಶ್ನೆ ಬದಲಿಸಿ. "ಎಷ್ಟು ಜನರಿಗೆ ಆಯಿತು" ಅನ್ನುವುದನ್ನು ಬಿಟ್ಟು "ಆದವರು ಯಾಕೆ ಠಾಣೆಗೆ ಹೋಗಲಿಲ್ಲ" ಅಂತ ಇಪ್ಪತ್ತು ಜನರ ಹತ್ತಿರ ಕೂತು ಆಳವಾಗಿ ಕೇಳಿ. ಅರೆಬೆಂದ ದೊಡ್ಡ ಸಮೀಕ್ಷೆಗಿಂತ ಅದು ಎಷ್ಟೋ ಮೇಲು ಅಂತ ನನ್ನ ಅನಿಸಿಕೆ.

ಹಂತ 6: ಪಟ್ಟಿಯೇ ಇಲ್ಲದ ಜನ

ಕಳ್ಳತನ ಮಾಡುವವರ, ಗಾಂಜಾ ಮಾರುವವರ ಪಟ್ಟಿ ಎಲ್ಲೂ ಸಿಗುವುದಿಲ್ಲ. ಒಬ್ಬರಿಂದ ಇನ್ನೊಬ್ಬರ ಪರಿಚಯ ಮಾಡಿಸಿಕೊಂಡು ಹೋಗುವುದನ್ನು ಸ್ನೋಬಾಲ್ ಅನ್ನುತ್ತಾರೆ. ಶುರು ಮಾಡಿದವರ ಗೆಳೆಯರ ಬಳಗದಲ್ಲೇ ಸುತ್ತುವುದು ಅದರ ದೋಷ. ನಾಲ್ಕೈದು ಬೇರೆ ಬೇರೆ ಕಡೆಯಿಂದ ಶುರು ಮಾಡಿ, ಒಬ್ಬೊಬ್ಬರಿಗೂ ಮೂರೇ ಕೂಪನ್ ಕೊಟ್ಟು, ಯಾರಿಂದ ಯಾರು ಬಂದರು ಅಂತ ದಾಖಲಿಸಿ. 1997ರಲ್ಲಿ ಸಮಾಜಶಾಸ್ತ್ರಜ್ಞ ಹೆಕ್ಕಥಾರ್ನ್ ರೂಪಿಸಿದ ವಿಧಾನ ಹೆಚ್ಚುಕಡಿಮೆ ಇದೇ. ಪರಪ್ಪನ ಅಗ್ರಹಾರದ ಜೈಲಿಗೆ ಅನುಮತಿ ಪಡೆದು ಹೋದರೆ ಸಿಗುವುದು ಸಿಕ್ಕಿಬಿದ್ದವರು, ಅವರಲ್ಲೂ ಹೆಚ್ಚಿನವರು ಇನ್ನೂ ಶಿಕ್ಷೆಯಾಗದ ವಿಚಾರಣಾಧೀನರು. ಸಿಕ್ಕಿಬೀಳದವರ ಬಗ್ಗೆ ಅವರಿಂದ ಏನೂ ಹೇಳಲಾಗದು.

ಹಂತ 7: ಕೇಳುವ ಮಾತು

"ನೀವು ಅಪರಾಧದ ಸಂತ್ರಸ್ತರೇ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತಾರೆ. ನಡೆದ ಸಂಗತಿಯನ್ನೇ ಕೇಳಿ. "ರಸ್ತೆಯಲ್ಲಿ ಹೋಗುವಾಗ ಯಾರಾದ್ರೂ ನಿಮ್ಮ ಕೈಯಿಂದ, ಕತ್ತಿನಿಂದ ಏನಾದ್ರೂ ಕಿತ್ಕೊಂಡು ಹೋಗಿದ್ದಾರಾ? ಕಿತ್ಕೊಳ್ಳೋಕೆ ನೋಡಿದ್ರಾ?" ಎರಡನೆಯದನ್ನು ಮರೆಯಬೇಡಿ, ಸರ ಕೈಗೆ ಬರದೆ ಕತ್ತಿನ ಮೇಲೆ ಗೆರೆ ಮಾತ್ರ ಉಳಿದವರೂ ಇರುತ್ತಾರೆ.

ಸಮಯ ಇನ್ನೊಂದು ಸಮಸ್ಯೆ. ಒಂದು ವರ್ಷದ ಹಿಂದಿನ ದೊಡ್ಡ ಘಟನೆ ಜನರಿಗೆ "ಮೊನ್ನೆ ಮೊನ್ನೆ" ಅನ್ನಿಸುತ್ತದೆ, ಸಣ್ಣದು ಮರೆತೇ ಹೋಗಿರುತ್ತದೆ. "ಕಳೆದ ಆರು ತಿಂಗಳಲ್ಲಿ" ಅನ್ನುವುದು ಯಾರ ತಲೆಯಲ್ಲೂ ಕೂರುವುದಿಲ್ಲ. ಹಬ್ಬ ಹಿಡಿಯಿರಿ. "ಗಣೇಶನ ಹಬ್ಬ ಆದಮೇಲಾ, ಮೊದಲಾ?" "ದೀಪಾವಳಿಗೆ ಊರಿಗೆ ಹೋಗಿ ಬಂದಮೇಲಾ?" ಬಸವನಗುಡಿ ಕಡೆಯಾದರೆ ಕಡಲೆಕಾಯಿ ಪರಿಷೆ, ಪೇಟೆ ಕಡೆಯಾದರೆ ಕರಗ. ಹೀಗೆ ಕೇಳಿದಾಗ ಜನ ಬೆರಳು ಮಡಚಿ ಲೆಕ್ಕ ಹಾಕಿ, ಮೊದಲು ಹೇಳಿದ ತಿಂಗಳನ್ನು ತಾವೇ ತಿದ್ದುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಯಾರ ಎದುರು ಕೇಳುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಒಬ್ಬ ಅಕ್ಕ ಮಗನ ಎದುರಿಗೆ "ಇಲ್ಲಪ್ಪ, ನಮ್ಗೇನೂ ಆಗಿಲ್ಲ" ಅಂದರು. ಫಾರ್ಮ್ ಮುಗಿಸಿ ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಹಿಂದೆಯೇ ಬಂದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ಫೋನ್ ಹೋಯ್ತು ಕಣಪ್ಪ, ಬಸ್ ಇಳ್ದು ಬರ್ತಿದ್ದೆ, ಗಾಡೀಲಿ ಬಂದ್ರು. ಇನ್ನೂ ನಾಕು ಕಂತು ಕಟ್ಬೇಕು. ಕೆಲ್ಸದಲ್ಲಿ ಮರ್ತು ಬಿಟ್ಬಂದೆ ಅಂತ ಹೇಳಿದೀನಿ ಮನೇಲಿ" ಅಂದರು. ಆಮೇಲಿನಿಂದ ಪ್ರತಿ ಫಾರ್ಮಿನಲ್ಲೂ "ಉತ್ತರಿಸುವಾಗ ಜೊತೆಗೆ ಯಾರಿದ್ದರು" ಅನ್ನುವ ಒಂದು ಚೌಕ ಇಟ್ಟೆ, ಸಾಧ್ಯವಾದಷ್ಟೂ ಒಬ್ಬರೇ ಇರುವಾಗ ಕೇಳತೊಡಗಿದೆ.

ತಾವೇ ಮಾಡಿದ ತಪ್ಪಿನ ಬಗ್ಗೆ ಕೇಳಬೇಕಿದ್ದರೆ ನಾಣ್ಯದ ಉಪಾಯವಿದೆ. 1965ರಲ್ಲಿ ವಾರ್ನರ್ ಎಂಬ ಸಂಖ್ಯಾಶಾಸ್ತ್ರಜ್ಞ ತೋರಿಸಿದ ದಾರಿಯ ಸರಳ ರೂಪ ಇದು. ಉತ್ತರಿಸುವವರು ನಿಮಗೆ ಕಾಣದಂತೆ ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ ಸುಮ್ನೆ "ಹೌದು" ಅನ್ನಬೇಕು, ಟೇಲ್ ಬಿದ್ದರೆ ನಿಜ ಹೇಳಬೇಕು. 200 ಜನರಲ್ಲಿ 120 "ಹೌದು" ಬಂದರೆ, ನೂರು ನಾಣ್ಯದ್ದು ಅಂತ ಕಳೆಯಿರಿ. ಉಳಿದ ನೂರರಲ್ಲಿ 20 ಜನ ನಿಜವಾಗಿ ಹೌದು, ಅಂದರೆ ಶೇ 20. ಯಾರು ಅಂತ ನಿಮಗೂ ಗೊತ್ತಾಗಲ್ಲ. ಅಂದಾಜು ಮಾತ್ರ ಸಡಿಲವಾಗುತ್ತದೆ, ಸ್ಯಾಂಪಲ್ ದೊಡ್ಡದು ಬೇಕು.

ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ, ಒಂದೇ ಬೀದಿಯಲ್ಲಿ ಎಲ್ಲ ಇರುತ್ತವೆ. ಸ್ಥಳದಲ್ಲೇ ಬಾಯಿಗೆ ಬಂದಂತೆ ಅನುವಾದಿಸಬೇಡಿ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರಿಂದ ಕನ್ನಡಕ್ಕೆ ವಾಪಸ್ ತರಿಸಿ, ತಾಳೆ ನೋಡಿ.

ಹಂತ 8: ಮಾತು ಕೊಡುವ ಮೊದಲು ಕಾನೂನು ಓದಿ

ನಿಮ್ಮ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು. ಹೆಸರು ಬರೆಯಬೇಡಿ, ನಂಬರ್ ಹಾಕಿ, ನಂಬರ್ ಯಾರದ್ದು ಅನ್ನುವ ಕಾಗದ ಬೇರೆ ಕಡೆ ಇರಲಿ. "ನೀವು ಏನೇ ಹೇಳಿದರೂ ಯಾರಿಗೂ ಹೇಳಲ್ಲ" ಅನ್ನುವ ಮಾತು ಮಾತ್ರ ಕೊಡಬೇಡಿ, ಉಳಿಸಿಕೊಳ್ಳಲು ಆಗದಿರಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೋ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ತಿಳಿಸಲೇಬೇಕು. ಇದನ್ನು ಒಪ್ಪಿಗೆ ಪತ್ರದಲ್ಲೇ ಸರಳವಾಗಿ ಹೇಳಿ. ಅಪರಾಧ ಮಾಡಿದವರ ಜೊತೆ ಮಾತಾಡುವಾಗ ಮುಂದೆ ಮಾಡಲಿರುವುದನ್ನು ಕೇಳಬೇಡಿ, ಹೆಸರು, ಜಾಗ, ದಿನಾಂಕ ಹೇಳಲು ಹೊರಟರೆ ತಡೆಯಿರಿ.

ಹಂತ 9: ಬೀದಿಗೆ ಇಳಿದ ಮೇಲೆ

ಒಂದು ಮನೆಗೆ ಕನಿಷ್ಠ ಮೂರು ಸಲ ಹೋಗಿ. ಒಂದು ವಾರದ ದಿನ ಸಂಜೆ ಏಳೂವರೆ ನಂತರ, ಒಂದು ಭಾನುವಾರ ಬೆಳಿಗ್ಗೆ, ಒಂದು ಬೇರೆ ಹೊತ್ತು. ಬೀಗ ಹಾಕಿದೆ ಅಂತ ಪಕ್ಕದ ಮನೆಗೆ ಹೋಗಬೇಡಿ, ಅಲ್ಲೇ ಸ್ಯಾಂಪಲ್ ಕೆಡುವುದು. ಮೂರು ಸಲವೂ ಸಿಗದಿದ್ದರೆ "ಸಿಗಲಿಲ್ಲ" ಅಂತ ಬರೆದು ಮುಂದೆ ಹೋಗಿ, ಕಾರಣ ಬರೆಯಿರಿ: ಬೀಗ, ನಿರಾಕರಣೆ, ಭಾಷೆ, ನಾಯಿ.

ಕ್ಲಿಪ್‌ಬೋರ್ಡ್ ಹಿಡಿದು ಇಸ್ತ್ರಿ ಶರ್ಟ್ ಹಾಕಿಕೊಂಡು ಹೋದರೆ ಸಾಲ ವಸೂಲಿಯವರು ಅಂದುಕೊಳ್ಳುತ್ತಾರೆ. ಗುರುತಿನ ಚೀಟಿ ಕತ್ತಿನಲ್ಲಿರಲಿ, ಹುಡುಗ ಹುಡುಗಿ ಜೊತೆಯಾಗಿ ಹೋಗಿ. ಠಾಣೆಗೆ ಒಂದು ಪತ್ರ ಕೊಟ್ಟು ತಿಳಿಸಿರಿ, ಅಷ್ಟು ಸಾಕು. ಒಮ್ಮೆ ಒಬ್ಬ ಪೇದೆ ಪಾಪ ಸಹಾಯ ಮಾಡೋಣ ಅಂತಲೇ ನಮ್ಮ ಜೊತೆ ಬೀದಿಗೆ ಬಂದರು. ಆ ಸಂಜೆ ಇಡೀ ಬೀದಿಯಲ್ಲಿ ಯಾರಿಗೂ ಯಾವತ್ತೂ ಏನೂ ಆಗಿರಲಿಲ್ಲ. ಆ ಫಾರ್ಮುಗಳನ್ನೆಲ್ಲ ಪಕ್ಕಕ್ಕಿಟ್ಟೆವು.

ಹಂತ 10: ತೂಕ, ವರದಿ

ಇಬ್ಬರೇ ಇರುವ ಮನೆಯಲ್ಲಿ ಒಬ್ಬರನ್ನು ಕೇಳಿದರೆ ಅವರು ಆಯ್ಕೆಯಾಗುವ ಸಾಧ್ಯತೆ ಅರ್ಧ. ಐವರು ವಯಸ್ಕರಿರುವ ಮನೆಯಲ್ಲಿ ಐದನೇ ಒಂದು. ಹಾಗಾಗಿ ಮೊದಲನೆಯ ಉತ್ತರಕ್ಕೆ 2, ಎರಡನೆಯದಕ್ಕೆ 5 ತೂಕ ಕೊಡಬೇಕು. ಇದನ್ನು ಬಿಟ್ಟರೆ ದೊಡ್ಡ ಸಂಸಾರದವರ, ಒಂದೇ ರೂಮಿನಲ್ಲಿ ಐದಾರು ಜನ ಹಂಚಿಕೊಂಡಿರುವ ಹುಡುಗರ ದನಿ ಕುಗ್ಗುತ್ತದೆ.

ವರದಿಯಲ್ಲಿ ಮೊದಲ ಕೋಷ್ಟಕ ಫಲಿತಾಂಶದ್ದಾಗಿರಬಾರದು ಅಂತ ನನ್ನ ಹಠ. ಪಟ್ಟಿಯಲ್ಲಿದ್ದ ಮನೆಗಳೆಷ್ಟು, ಎತ್ತಿದ್ದೆಷ್ಟು, ಬೀಗವಿದ್ದದ್ದೆಷ್ಟು, ಬೇಡ ಅಂದವರೆಷ್ಟು, ಒಂದನೇ ಭೇಟಿಯಲ್ಲಿ ಸಿಕ್ಕವರೆಷ್ಟು, ಮೂರನೆಯದರಲ್ಲಿ ಸಿಕ್ಕವರೆಷ್ಟು. ಆಮೇಲೆ ಒಂದು ಹೋಲಿಕೆ ಮಾಡಿ: ಮೊದಲ ಸಲವೇ ಬಾಗಿಲು ತೆರೆದವರಲ್ಲಿ ಕಳೆದುಕೊಂಡವರು ಎಷ್ಟು, ಮೂರನೇ ಸಲ ರಾತ್ರಿ ಎಂಟಕ್ಕೆ ಸಿಕ್ಕವರಲ್ಲಿ ಎಷ್ಟು? ಎರಡರ ನಡುವೆ ದೊಡ್ಡ ಅಂತರವಿದ್ದರೆ, ಕೊನೆಗೂ ಸಿಗದೆ ಹೋದವರು ಯಾವ ಕಡೆಯವರು ಅನ್ನುವುದಕ್ಕೆ ಅದೇ ನಿಮ್ಮ ಹತ್ತಿರ ಇರುವ ಸುಳಿವು. ಆ ಎರಡು ಅಂಕಿಗಳನ್ನೂ ಅಲ್ಲೇ, ಮೊದಲ ಪುಟದಲ್ಲೇ ಹಾಕಿ.